ಗೆರೆಯೊಳಗಿನ ಊರು

ಕಿಸಾಂಗ್ ಮಾವನ ಹಗ್ಗ ಇಪ್ಪತ್ತು ಹೆಜ್ಜೆ ಉದ್ದ. ಕತ್ತಾಳೆ ನಾರಿನದು, ಹೆಬ್ಬೆರಳಿನಷ್ಟು ದಪ್ಪ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಕಾಲುವೆ ರಿಪೇರಿ ಮಾಡುವಾಗ ಯಾವ ಮನೆತನದವರು ಎಷ್ಟು ದೂರ ಕಟ್ಟಬೇಕು ಎಂದು ಅಳೆದು ಕೊಡುವುದು ಅದರಿಂದಲೇ. ಅದು ಹೇಳಿದ ಮೇಲೆ ಯಾರೂ ಎದುರು ಮಾತಾಡುವುದಿಲ್ಲ. ಹೆಂಗಸರು ಮಾತ್ರ ಅದನ್ನು ಮುಟ್ಟುವ ಹಾಗಿಲ್ಲ. ಕಾಲುವೆಯ ತಲೆಗೆ ನಾವು ಹೋಗುವ ಹಾಗಿಲ್ಲ, ಹಗ್ಗಕ್ಕೆ ಕೈ ಹಾಕುವ ಹಾಗಿಲ್ಲ, ಆದರೆ ಅದೇ ಕಾಲುವೆಯ ನೀರಲ್ಲಿ ಬೆಳೆದ ರಾಗಿ ಬೀಸಿ ಮುದ್ದೆ ತೊಳಸುವವರು ನಾವೇ. ಮೂವತ್ತು ವರ್ಷದ ಹಿಂದೆ ಮೇಲಿನ ಬಯಲಿನಿಂದ ಸೊಸೆಯಾಗಿ ಇಳಿದು ಬಂದಾಗ ಇದನ್ನು ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ಈಗಲೂ ಉರಿಯುತ್ತದೆ. ಆದರೂ ಆ ಹಗ್ಗ ಇಟ್ಟುಕೊಂಡಿರುವ ಮನುಷ್ಯನ ಮೇಲೆ ಇರುವಷ್ಟು ಗೌರವ ನನಗೆ ಈ ಕೌಂಟಿಯಲ್ಲಿ ಬೇರೆ ಯಾರ ಮೇಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮನುಷ್ಯನ ಮುಖಕ್ಕೆ ಮಸಿ ಬಳಿದವಳೂ ನಾನೇ.

ನಮ್ಮೂರು ಕಪ್ಸಿರೊ. ಮೇಲಿನ ಬಯಲಲ್ಲಿ ಮಂಜು, ಆಲೂಗಡ್ಡೆ, ಕುರಿ. ಕೆಳಗೆ ಕೆರಿಯೊ ನದಿಯ ಕಣಿವೆಯಲ್ಲಿ ಸೆಕೆ, ಮಾವಿನ ಮರ, ಸೊಳ್ಳೆ. ಎರಡರ ನಡುವೆ ಬೆಟ್ಟ ಗೋಡೆಯ ಹಾಗೆ ನಿಂತಿದೆ. ಆ ಗೋಡೆಯಿಂದ ಅಲ್ಲಲ್ಲಿ ಚಾಚಿಕೊಂಡಿರುವ ಕಲ್ಲಿನ ಜಗಲಿಗಳ ಮೇಲೆ ನಮ್ಮ ಮನೆಗಳು. ಹೊಲಕ್ಕೆ ಇಳಿಯುತ್ತೇವೆ, ಸಂಜೆಗೆ ಹತ್ತುತ್ತೇವೆ. ಸೊಳ್ಳೆ ಇರುವಲ್ಲಿ ಬುದ್ಧಿ ಇದ್ದವರು ಮಲಗುವುದಿಲ್ಲ.

ಸರ್ಕಾರ ಕೌಂಟಿ ಎಂಬ ಜಿಲ್ಲೆಯಿಂದ ಹೊರಟು ಉಪಕೌಂಟಿ, ಆಮೇಲೆ ವಲಯ ಎಂದು ಇಳಿಯುತ್ತಾ ಉಪವಲಯಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲೊಬ್ಬ ಸಹಾಯಕ ಚೀಫ್, ಒಂದು ಮೇಜು, ಒಂದು ಮೊಹರು. ಅದಕ್ಕೂ ಕೆಳಗಿರುವವನು ಹಳ್ಳಿ ಹಿರಿಯ. ಅವನಿಗೆ ಸಂಬಳವಿಲ್ಲ, ಮೊಹರಿಲ್ಲ, ಎರಡೂ ಕಡೆಯ ಬೈಗುಳ ಮಾತ್ರ ಉಂಟು. ಕಿಸಾಂಗ್ ಮಾವ ಮೂವತ್ತೊಂದು ವರ್ಷದಿಂದ ನಮ್ಮ ಹಳ್ಳಿ ಹಿರಿಯ. ನಮಗೆ ಮೊಹರು ಬೇಕಾದರೆ ಬೆಟ್ಟ ಹತ್ತಿ ಮೇಲಿನ ಉಪವಲಯದ ಕಚೇರಿಗೆ ಹೋಗಬೇಕು. ಹೊಲದ ತಕರಾರಾದರೆ ಅದೂ ಇಲ್ಲ: ಮೇಲಿನವರು ಕೆಳಗೆ ಹೋಗಿ ಎನ್ನುತ್ತಾರೆ, ಕೆಳಗಿನವರು ಮೇಲೆ ಹೋಗಿ ಎನ್ನುತ್ತಾರೆ. ಒಮ್ಮೆ ನಮ್ಮ ಮೂರು ಮೇಕೆ ಕಳುವಾಗಿ ಕೆಳಗಿನ ಹೊಲದಲ್ಲಿ ಸಿಕ್ಕವು. ಕಳ್ಳನೂ ಸಿಕ್ಕ. ಅವನನ್ನು ಯಾವ ಚೀಫಿಗೆ ಒಪ್ಪಿಸಬೇಕೆಂದು ತಿಳಿಯದೆ ನಾಲ್ಕು ದಿನ ನಾವೇ ಊಟ ಹಾಕಿದೆವು. ಐದನೇ ದಿನ ಅವನೇ ಬೇಸತ್ತು ಮನೆಗೆ ಹೋದ.

ಮಾವನಿಗೆ ಎಪ್ಪತ್ತಮೂರು. ವಾರಕ್ಕೆ ಮೂರು ಸಲ ಊರಿನ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮೇಲೆ ಹೋಗುತ್ತಿದ್ದರು. ಹುಟ್ಟಿದ್ದು, ಸತ್ತದ್ದು, ಶಾಲೆಗೆ ಸೇರಿದ್ದು, ಎಲ್ಲ ಆ ಚೀಲದಲ್ಲಿ. ಹತ್ತುವುದಕ್ಕೆ ಎರಡೂವರೆ ತಾಸು. ಕಚೇರಿಗೆ ಬೀಗ ಇದ್ದರೆ ಮಾತಾಡದೆ ಇಳಿದು ಬಂದು ಮರುದಿನ ಮತ್ತೆ ಹೊರಡುತ್ತಿದ್ದರು. ಬಲ ಮೊಣಕಾಲು ಊದಿಕೊಂಡಿದ್ದು ಊರಿಗೆಲ್ಲ ಗೊತ್ತಿತ್ತು, ಅವರು ಮಾತ್ರ ಯಾರಿಗೂ ಹೇಳಿರಲಿಲ್ಲ. ಆ ಮೊಣಕಾಲು ಕೈಕೊಡುವುದರೊಳಗೆ ಕಚೇರಿಯನ್ನು ಜಗಲಿಗೆ ಇಳಿಸಬೇಕು ಎಂಬುದೊಂದೇ ಅವರ ಹಟ.

ಆ ಚೀಲದಲ್ಲಿ ಹಿಡಿಸದ ಕಾಗದ ಒಂದಿತ್ತು, ಗುರುತಿನ ಚೀಟಿ. ಅದಕ್ಕೆ ಮನುಷ್ಯರೇ ಹೋಗಿ ಸಹಾಯಕ ಚೀಫ್ ಮುಂದೆ ನಿಲ್ಲಬೇಕು. ನನ್ನ ಅತ್ತೆ ಕೊಬಿಲೊ, ಅಂದರೆ ಮಾವನ ಸತ್ತ ಅಣ್ಣನ ಹೆಂಡತಿ, ಎಂಬತ್ತು ದಾಟಿದವಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣಿವೆಯ ಮಿಷನ್ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಪುಕ್ಕಟೆ ಪೊರೆ ತೆಗೆಯುತ್ತಾರೆ, ಆದರೆ ಚೀಟಿ ತೋರಿಸಬೇಕು. ನಾಲ್ಕು ಜನ ಸೇರಿ ಹೊತ್ತುಕೊಂಡು ಮೇಲೆ ಹೋಗುತ್ತೇವೆ ಎಂದರೆ ಆಕೆ ಕೋಲು ಎತ್ತುತ್ತಿದ್ದಳು.

"ಮದ್ವೆ ದಿನ ಈ ಜಗಲಿಗೆ ನನ್ನ ಕಾಲ್ಮೇಲೆ ನಡ್ಕೊಂಡು ಬಂದೋಳು ನಾನು," ಅನ್ನುತ್ತಿದ್ದಳು. "ಮೂಟೆ ಥರ ಹೊರಿಸ್ಕೊಂಡು ಹೋಗಿ, ನಾನು ಹುಟ್ಟಿದೀನಪ್ಪಾ ಅಂತ ಆ ಹುಡುಗನ ಮುಂದೆ ಹಲ್ಲು ಗಿಂಜಲ್ಲ. ಸರ್ಕಾರಕ್ಕೆ ನನ್ನ ನೋಡ್ಬೇಕು ಅಂತಿದ್ರೆ ಅದಕ್ಕೂ ಕಾಲಿದೆ, ಬರ್ಲಿ."

ಹೀಗಿರುವಾಗ ಒಂದು ಸುತ್ತೋಲೆ ಬಂತು. ಹೊಸ ಉಪವಲಯ ಬೇಕೆನ್ನುವ ಊರುಗಳು ಅರ್ಜಿ ಹಾಕಬಹುದು. ಜನ ಎರಡು ಸಾವಿರಕ್ಕೆ ಕಡಿಮೆ ಇರಬಾರದು, ನೆಲ ಹತ್ತು ಚದರ ಕಿಲೋಮೀಟರಿಗೆ ಕಡಿಮೆ ಇರಬಾರದು. ಅರ್ಜಿಯ ಕೆಳಗೆ ಹಳ್ಳಿ ಹಿರಿಯನ ಸಹಿ ಇರಬೇಕು.

ಜನರನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಜಗಲಿಯ ಶಾಲೆಯಲ್ಲಿ ಭೂಗೋಳ ಹೇಳುವ ಟೀಚರ್. ಊರವರು ಮ್ವಾಲಿಮು ಎನ್ನುತ್ತಾರೆ, ಬಯ್ಯುವಾಗಲೂ ಹಾಗೇ ಎನ್ನುತ್ತಾರೆ. ಮೂರು ವಾರ ಮನೆಮನೆ ಸುತ್ತಿದೆ. ಎಲ್ಡೊರೆಟ್‌ನಲ್ಲಿ ಓಟದ ತರಬೇತಿಗೆ ಇರುವ ಆರು ಜನರನ್ನು ಬರೆಯಬೇಕೋ ಬೇಡವೋ ಎಂದು ಒಂದು ದಿನ ಜಗಳವಾಯಿತು. ಯೆಗೊ ಎಂಬಾತನಿಗೆ ಮೇಲೊಬ್ಬಳು ಹೆಂಡತಿ, ಇಲ್ಲೊಬ್ಬಳು. ಅವನನ್ನು ಯಾರ ಮನೆಯಲ್ಲಿ ಬರೆಯಲಿ ಎಂದು ಕೇಳಿದರೆ ಇಬ್ಬರೂ ಆ ಕಡೆಯೇ ಬರೆದುಕೋ ಎಂದರು. ಕೊನೆಗೆ ಮುನ್ನೂರ ಎಂಬತ್ತು ಮನೆ, ಎರಡು ಸಾವಿರದ ಮುನ್ನೂರ ಹದಿನೆಂಟು ಜನ ಎಂದಾಯಿತು.

ನೆಲವನ್ನು ಅಳೆದವರು ಮಾವ. ಹನ್ನೊಂದು ದಿನ. ನಾಲ್ಕು ಜನ ಗಂಡಸರನ್ನು ಕಟ್ಟಿಕೊಂಡು, ಕಾಲುವೆ ಹಗ್ಗ ಹಿಡಿದು, ಮೇಲಿನ ಅಂಚಿನಿಂದ ಬುಡದವರೆಗೆ ಇಳಿದರು. ಬಂಡೆ ಬಂದರೆ ಬಂಡೆಯ ಮೇಲೆ ಹಗ್ಗ, ಕೊರಕಲು ಬಂದರೆ ಕೊರಕಲೊಳಗೆ ಇಳಿದು ಮತ್ತೆ ಹತ್ತಿ ಹಗ್ಗ. ಎಲ್ಲಿಯೂ ಅಂದಾಜಿಲ್ಲ. ಒಂದು ಕಡೆ ಜೇನುಗೂಡಿನ ಮರದ ಕೆಳಗೆ ಹುಳ ಎದ್ದು ಎಲ್ಲರೂ ಓಡಿದರಂತೆ, ಮಾವ ಹಗ್ಗದ ತುದಿ ಬಿಡದೆ ಕೂತಿದ್ದರಂತೆ. ಬಿಟ್ಟರೆ ಮತ್ತೆ ಮೊದಲಿನಿಂದ ಅಳೆಯಬೇಕಲ್ಲ ಎಂದರು ಬಾತುಕೊಂಡ ಮುಖದಲ್ಲಿ. ಹನ್ನೊಂದನೇ ದಿನ, ಹಗ್ಗದ ಒಂದೊಂದು ಅಳತೆಗೆ ಒಂದೊಂದು ಗಂಟು ಹಾಕಿದ ನಾರಿನ ಎಳೆಗಳನ್ನು ನನ್ನ ಮೇಜಿನ ಮೇಲೆ ಸುರಿದರು. ನಾನು ಕೂಡಿದೆ, ಗುಣಿಸಿದೆ. ಹದಿನೇಳು ಚದರ ಕಿಲೋಮೀಟರ್.

"ಹದಿನೇಳು. ಬರ್ಕೊ," ಅಂದರು ಮಾವ. ಆಗ ಅವರ ಮುಖದಲ್ಲಿ ಇದ್ದದ್ದು ಸಂತೋಷ ಎಂದು ಹೇಳಿದರೆ ಕಡಿಮೆಯಾಗುತ್ತದೆ.

ಈಗ ನನ್ನ ಪಾಪದ ವಿಷಯ. ಸರ್ಕಾರ ನೆಲವನ್ನು ಅಳೆಯುವುದು ಹಾಗಲ್ಲ ಎಂದು ನನಗೆ ಗೊತ್ತಿತ್ತು. ಆರನೇ ತರಗತಿಗೆ ನಾನೇ ಪಾಠ ಮಾಡುತ್ತೇನೆ: ಸೂರ್ಯ ನೆತ್ತಿಯ ಮೇಲಿರುವಾಗ ಬೆಟ್ಟದ ನೆರಳು ಎಷ್ಟು ಅಗಲವೋ ನಕ್ಷೆಯಲ್ಲಿ ಬೆಟ್ಟ ಅಷ್ಟೇ ಅಗಲ. ನಿಂತ ನೆಲಕ್ಕೆ ಲೆಕ್ಕವಿಲ್ಲ. ಶಾಲೆಯ ನಕ್ಷೆಯ ಮೇಲೆ ಚೌಕ ಎಳೆದು ನಾನು ಮೊದಲೇ ನೋಡಿದ್ದೆ. ಎಂಟೂವರೆ ಬಂದಿತ್ತು. ಎಂಟೂವರೆ ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು, ಅತ್ತೆಯ ಕಣ್ಣೂ ಮುಗಿಯಿತು. ಹದಿನೇಳು ಬರೆದರೆ ಮೇಲಿನವರು ನೋಡದೆ ದಾಟಿಸಿದರೂ ದಾಟಿಸಿಯಾರು. ಮಾವನಿಗೆ ಒಂದು ಮಾತು ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಹದಿನೇಳು ಎಂದು ಬರೆದು, 'ಮೇಲಿನ ವಿವರವೆಲ್ಲ ನಿಜ' ಎಂಬ ಸಾಲಿನ ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಎರಡು ತಿಂಗಳಿಗೆ ಉತ್ತರ ಬಂತು. ನಕ್ಷೆಗೂ ಅರ್ಜಿಗೂ ತಾಳೆಯಾಗುತ್ತಿಲ್ಲ, ಅಳತೆಯವರು ಬಂದು ನೋಡುತ್ತಾರೆ. ಬೇಕೆಂದೇ ಸುಳ್ಳು ಹೇಳಿದ್ದು ಕಂಡುಬಂದರೆ ಅರ್ಜಿ ವಜಾ, ಹಳ್ಳಿ ಹಿರಿಯನ ಹೆಸರು ಪಟ್ಟಿಯಿಂದ ತೆಗೆಯಲಾಗುವುದು. ಮಾವ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಬರಲಿ, ನಡೆಸಿಕೊಂಡು ಹೋಗಿ ತೋರಿಸೋಣ, ನಮಗೇನು ಭಯ ಎಂದರು.

ಬಂದವನು ಕೊಮೊರಾ ಎಂಬ ಯುವಕ. ಟಾನಾ ನದಿ ಸಮುದ್ರ ಸೇರುವ ಸೀಮೆಯವನು. ತಮ್ಮೂರಲ್ಲಿ ಬೆಟ್ಟ ಅಂದರೆ ಗೆದ್ದಲ ಹುತ್ತ ಎಂದು ಅವನೇ ನಕ್ಕ. ಬೆಳಿಗ್ಗೆ ಮೇಲಿನ ಅಂಚಿನಲ್ಲಿ ಜೀಪು ನಿಲ್ಲಿಸಿ, ಮಾವ, ನಾನು, ಅವನು, ಮೂವರೂ ನಿಂತೆವು. ಅವನು ನಕ್ಷೆ ಬಿಡಿಸಿದ. ಮೇಲಿನ ಉಪವಲಯಕ್ಕೆ ಹಸಿರು ಬಣ್ಣ, ಕೆಳಗಿನದಕ್ಕೆ ಹಳದಿ, ನಡುವೆ ದಪ್ಪನೆಯ ಕಪ್ಪು ಗೆರೆ. ನಿಮ್ಮೂರು ತೋರಿಸಿ ಎಂದ. ನಾನು ಪೆನ್ಸಿಲಿನ ಮೊನೆ ಇಟ್ಟೆ. ಮೊನೆ ಗೆರೆಯೊಳಗೆ ಮುಳುಗಿತು. ಅತ್ತ ಸರಿಸಿದರೆ ಕಾಲುವೆ, ಅದೂ ಗೆರೆಯೊಳಗೆ. ಇತ್ತ ಸರಿಸಿದರೆ ಶಾಲೆ, ಅದೂ ಗೆರೆಯೊಳಗೆ. ಯಾವುದೋ ಕಾಲದಲ್ಲಿ ಯಾರೋ ದಪ್ಪ ಪೆನ್ನಿನಲ್ಲಿ ಗಡಿ ಎಳೆದಿದ್ದ, ಆ ಪೆನ್ನಿನ ಅಗಲದೊಳಗೆ ನಾವು ಎರಡು ಸಾವಿರದ ಮುನ್ನೂರ ಹದಿನೆಂಟು ಜನ ಉಂಡು, ಮಲಗಿ, ಮಕ್ಕಳು ಹಡೆದು ಬದುಕಿದ್ದೆವು. ಕೊಮೊರಾ ತನ್ನ ಬೆರಳಿನಿಂದ ಆ ಗೆರೆಯನ್ನು ಎರಡು ಸಲ ಒರೆಸಿ ನೋಡಿದ, ಅಂಟಿದ ಕೊಳೆ ಇದ್ದರೂ ಇರಬಹುದು ಎನ್ನುವ ಹಾಗೆ.

ಇಳಿಯತೊಡಗಿದೆವು. ಮಾವ ಮುಂದೆ, ಕೋಲಿಲ್ಲದೆ. ಆ ದಿನದ ನಡಿಗೆ ನೆನೆದರೆ ನನಗೆ ಈಗಲೂ ಎದೆ ತುಂಬುತ್ತದೆ. ಮೂವತ್ತು ವರ್ಷ ಅದೇ ದಾರಿಯಲ್ಲಿ ಹತ್ತಿಳಿದ ನನಗೆ ಗೊತ್ತಿರದ ಎಷ್ಟು ಹೆಸರುಗಳು ಅವರ ಬಾಯಲ್ಲಿ. ಈ ಬಂಡೆಗೆ ಒಂದು ಹೆಸರು, ಆ ಬಂಡೆಯ ನೆರಳಿಗೆ ಇನ್ನೊಂದು. ಯಾವ ಮನೆತನದ ಪಟ್ಟಿ ಎಲ್ಲಿ ಶುರುವಾಗಿ ಬೆಟ್ಟದ ಉದ್ದಕ್ಕೆ ಎಲ್ಲಿಯವರೆಗೆ ಇಳಿಯುತ್ತದೆ, ಯಾವ ಗುಹೆಯಲ್ಲಿ ಯಾರ ತಾತ ಮೇಕೆ ಅಡಗಿಸಿದ್ದ, ಯಾವ ಬುಗ್ಗೆ ಯಾವ ತಿಂಗಳು ಬತ್ತುತ್ತದೆ, ಎಲ್ಲ ಹೇಳಿದರು. ಕೇಳಿದವರಿಗಷ್ಟೇ ಹೇಳಿದರು, ತೋರಿಕೆಗಲ್ಲ. ಕೊಮೊರಾ ಮೊದಮೊದಲು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಕೈಯಲ್ಲಿ ಪುಸ್ತಕ ಹಿಡಿದರೆ ಬಿದ್ದುಬಿಡುತ್ತೇನೆ ಎಂದು ಅದನ್ನು ಚೀಲಕ್ಕೆ ಹಾಕಿ ನಾಲ್ಕು ಕಾಲಿನಲ್ಲಿ ಇಳಿದ.

ಕಾಲುವೆ ದಾರಿಗೆ ಸಿಗುವ ಕಡೆ ಒಂದು ಸಣ್ಣ ತಾಣವಿದೆ. ಅಲ್ಲಿ ಕಾಲುವೆ ಬಂಡೆಯ ಮುಖಕ್ಕೆ ಅಂಟಿಕೊಂಡು, ಮರದ ದಿಮ್ಮಿ, ಕಲ್ಲು, ಮಣ್ಣು, ಹುಲ್ಲಿನ ಮೇಲೆ ಗಾಳಿಯಲ್ಲೇ ಹೋಗುತ್ತದೆ. ಅದರಲ್ಲಿ ಒಂದು ಮೊಳೆ ಇಲ್ಲ. ಕೊಮೊರಾ ಅಲ್ಲಿ ಕೂತು ಬಹಳ ಹೊತ್ತು ತಲೆ ಎತ್ತಿ ನೋಡಿದ. ಇದನ್ನು ಯಾವ ಇಲಾಖೆ ಕಟ್ಟಿದ್ದು ಎಂದು ಕೇಳಿದ. ಮಾವ ನಕ್ಕರು. ಕೊಮೊರಾ ನಗಲಿಲ್ಲ.

"ಮ್ಜೇ, ನೀವು ದೊಡ್ಡೋರು, ಬೇಜಾರ್ ಮಾಡ್ಕೋಬೇಡಿ," ಅಂದ. "ಆದ್ರೆ ಹದಿನೇಳು ಅನ್ನೋದು ಆಗಲ್ಲ. ಯಾರು ಹೇಳಿ ಬರೆಸಿದ್ರು?"

"ಹಗ್ಗ ಹೇಳ್ತು," ಅಂದರು ಮಾವ. ಹೆಗಲಿನಿಂದ ಹಗ್ಗ ತೆಗೆದು ಅವನ ಮುಂದಿಟ್ಟರು. "ನಿನ್ನ ಹತ್ರ ಕಬ್ಬಿಣದ ಟೇಪ್ ಇದೆಯಲ್ಲಪ್ಪ. ಅಳಿ."

ಅಳೆದ. ಹಗ್ಗ ಮಾವ ಹೇಳಿದ್ದಕ್ಕಿಂತ ಒಂದು ಗೇಣು ಉದ್ದ ಬಂತು. ಮಾವ ಕ್ಷಣ ಯೋಚಿಸಿ, ವರ್ಷವರ್ಷ ಎಳೆದೂ ಎಳೆದೂ ಉದ್ದವಾಗಿದೆ, ಹಾಗಾದರೆ ಹದಿನೇಳಕ್ಕಿಂತ ಜಾಸ್ತಿಯೇ ಆಗಬೇಕು, ತಿದ್ದಿಕೋ ಎಂದರು. ತಮಾಷೆಗಲ್ಲ. ಕೊಮೊರಾ ತಾಳ್ಮೆಯಿಂದ ನೆರಳಿನ ಪಾಠ ಶುರು ಮಾಡಿದ. ನಾನು ಆರನೇ ತರಗತಿಗೆ ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳಿದ. ಮಾವ ಮಧ್ಯೆ ಬಾಯಿ ಹಾಕದೆ ಕೇಳಿದರು. ಬೆಟ್ಟದ ಮೇಲೆ ಮಳೆ ಬಿದ್ದರೆ ನೆರಳಿನ ಮೇಲೆ ಬೀಳುತ್ತದೋ ನೆಲದ ಮೇಲೋ ಎಂದು ಒಂದೇ ಒಂದು ಪ್ರಶ್ನೆ ಕೇಳಿದರು. ಅದು ಸರಿ, ಆದರೆ ದೇಶಕ್ಕೆಲ್ಲ ಒಂದೇ ಕಾನೂನು ಎಂದ ಕೊಮೊರಾ. ಆಮೇಲೆ, ಊರಲ್ಲಿ ಶಾಲೆ ಇದೆ, ಓದಿದವರಿದ್ದಾರೆ, ಇದು ಯಾರಿಗೂ ಗೊತ್ತಿರಲಿಲ್ಲವೇ ಎಂದು ಕೇಳಿದ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ನೆಪ ಹೇಳುತ್ತಿದ್ದೆನೋ ಏನೋ.

"ನಂಗೆ ಗೊತ್ತಿತ್ತು," ಅಂದೆ. "ಎಂಟೂವರೆ ಅಂತ ಮೊದಲೇ ನೋಡಿದ್ದೆ. ಮಾವಂಗೆ ಹೇಳ್ಲಿಲ್ಲ. ಅವರ ಹೆಸರು ತೆಗೀಬೇಡಿ. ಸುಳ್ಳು ನಂದು."

ಮಾವ ನನ್ನನ್ನು ನೋಡಿದರು. ಬಯ್ದಿದ್ದರೆ ಹಗುರಾಗುತ್ತಿತ್ತು. ಹಗ್ಗವನ್ನು ಎತ್ತಿ, ಒಂದೊಂದೇ ಸುತ್ತಾಗಿ ಮೊಣಕೈಗೆ ಸುತ್ತಿಕೊಂಡರು.

"ನನ್ನ ಹಗ್ಗದ ಮೇಲೆ ಸುಳ್ಳು ಕೂರಿಸ್ಬಿಟ್ಟೆ," ಅಂದರು. ಅಷ್ಟೇ. ಮುಂದೆ ನಡೆದರು.

ಮಧ್ಯಾಹ್ನಕ್ಕೆ ನಮ್ಮ ಜಗಲಿ. ಅತ್ತೆ ರಾಗಿ ಮುದ್ದೆ, ಅಲಸಂದೆ ಸೊಪ್ಪು, ಸೋರೆಬುರುಡೆಯಲ್ಲಿ ಹುಳಿಗಿಟ್ಟ ಹಾಲು ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಕೊಮೊರಾನ ಮುಖವನ್ನು ಕೈಯಿಂದ ಸವರಿ, ಬಯಲಿನ ಹುಡುಗ, ಬೆವರು ನೋಡು ಎಂದಳು. ಸರ್ಕಾರದ ಪ್ರಕಾರ ತಾನಿನ್ನೂ ಹುಟ್ಟಿಲ್ಲ, ಹುಟ್ಟದವಳ ಕೈಯ ಮುದ್ದೆ ತಿಂದವನು ದೇಶದಲ್ಲಿ ನೀನೊಬ್ಬನೇ ಎಂದು ನಗಿಸಿದಳು. ಅವನು ಎರಡು ಮುದ್ದೆ ತಿಂದ. ಮಾವ ಮಾತಾಡದೆ ಉಣ್ಣುತ್ತಿರುವುದು ಅವಳಿಗೆ ಕಾಣದಿದ್ದರೂ ಕೇಳಿಸಿತು. ಏನಾಯಿತು ಎಂದು ನನ್ನನ್ನು ಕೇಳಿದಳು. ಹೇಳಿದೆ.

"ನನ್ನ ಕಣ್ಣಿಗೋಸ್ಕರ ಅವನ ಮುಖಕ್ಕೆ ಮಸಿ ಬಳಿದ್ಯಾ," ಅಂದಳು. "ನಾನು ಕೇಳಿದ್ನಾ? ಕುರುಡಿಯಾಗಿದ್ರೂ ಅವನ ದನಿ ಕೇಳ್ಕೊಂಡು ಬದುಕ್ತಿದ್ದೆ. ಈಗ ಅವನು ಮಾತೇ ಆಡ್ತಿಲ್ಲ ನೋಡು."

ಅಲ್ಲಿಂದ ಕಣಿವೆಗೆ ಇಳಿದೆವು. ಅರ್ಜಿ ಬಿದ್ದುಹೋಯಿತು ಎಂದು ನನಗೆ ಖಾತ್ರಿಯಾಗಿತ್ತು. ಕೊಮೊರಾ ಬಂದ ಮೇಲೆ ಪೂರ್ತಿ ನೋಡಿಯೇ ಹೋಗುವ ಜಾತಿಯವನು, ಅದಕ್ಕೇ ಕಣಿವೆಗೂ ಬಂದ. ಬುಡದಲ್ಲಿ ಕಾಲುವೆ ಕವಲೊಡೆದು ಹೊಲಗಳಿಗೆ ಹರಿಯುತ್ತದೆ. ಅಲ್ಲಿಂದ ನದಿಯವರೆಗೆ ರಾಗಿ, ಜೋಳ, ಮಾವು. ಸಮನೆಲ ಕಾಲಿಗೆ ಸಿಕ್ಕಿದ್ದೇ ಕೊಮೊರಾಗೆ ಜೀವ ಬಂತು. ಸುತ್ತ ನೋಡಿದ. ಇದು ಯಾರದು ಎಂದ. ನಮ್ಮದು ಎಂದೆ. ಆ ಮರದಾಚೆ? ಅದೂ ನಮ್ಮದೇ, ಚೆಸಾಂಗ್ ಮನೆತನದ್ದು. ನದಿಯವರೆಗೂ? ನದಿಯವರೆಗೂ. ಹಾಗಿದ್ದರೆ ಅರ್ಜಿಯಲ್ಲಿ ಯಾಕೆ ಬರೆದಿಲ್ಲ ಎಂದು ಕೇಳಿದ.

ಮಾವ ಅವನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. "ಇಲ್ಲಿ ಯಾರೂ ಮಲಗಲ್ಲ," ಅಂದರು.

ನನಗೂ ಆ ಕ್ಷಣಕ್ಕೆ ಅದೇ ಸರಿಯಾದ ಉತ್ತರ ಎನಿಸಿತು ಎಂದರೆ ನಂಬಬೇಕು. ಊರು ಅಂದರೆ ಮಲಗುವ ಜಾಗ. ಹೊಲ ಊರಲ್ಲ, ಹೊಲ ಹೊಲ. ಭೂಗೋಳ ಕಲಿಸುವ ನಾನು ನಕ್ಷೆಯ ಮೇಲೆ ಚೌಕ ಎಳೆದಾಗಲೂ ನನ್ನ ಪೆನ್ಸಿಲ್ ಬುಡದಲ್ಲೇ ನಿಂತುಬಿಟ್ಟಿತ್ತು. ನಕ್ಷೆ ಒಪ್ಪದ ನೆಲಕ್ಕಾಗಿ ಹನ್ನೊಂದು ದಿನ ಹಗ್ಗ ಹಿಡಿದೆವು, ನಾನು ಸುಳ್ಳು ಹೇಳಿದೆ. ನಕ್ಷೆ ಒಪ್ಪುವ ನೆಲ ಕಾಲ ಕೆಳಗೆ ಇತ್ತು, ಅದನ್ನು ಬರೆಯಲೇ ಇಲ್ಲ. ಬಯಲಿನಿಂದ ಬಂದ ಹುಡುಗನಿಗೆ ಬೆಟ್ಟ ಅರ್ಥವಾಗದಿದ್ದರೂ ಹೊಲ ಅರ್ಥವಾಯಿತು.

ಅವನು ಆಗಲೇ ಟೇಪು ಬಿಚ್ಚಿದ್ದ. ಸಂಜೆಯೊಳಗೆ ಮೂರು ಚದರ ಕಿಲೋಮೀಟರ್ ಬಂತು. ಎಂಟೂವರೆಗೆ ಸೇರಿಸಿದರೆ ಹನ್ನೊಂದೂವರೆ. ಇನ್ನು ಉಳಿದಿದ್ದು ಕೆಳಗಿನ ಸಹಾಯಕ ಚೀಫಿನ ಒಪ್ಪಿಗೆ. ಆತ ದಪ್ಪ ಮನುಷ್ಯ, ಮಾವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ. ನಿಮ್ಮ ಉಪವಲಯದಿಂದ ಈ ಹೊಲ ಬಿಟ್ಟುಕೊಡುತ್ತೀರಾ ಎಂದು ಕೊಮೊರಾ ಕೇಳಿದಾಗ ಆತನಿಗೆ ನಗು ಬಂತು.

"ಇಲ್ದೇ ಇರೋದನ್ನ ಬಿಡೋದು ಹೇಗಪ್ಪ?" ಅಂದ. "ಅದು ಮೇಲಿನೋರ್ದು ಅಂತ ಬಿಟ್ಟು, ನನ್ನ ಪುಸ್ತಕದಲ್ಲಿ ಬರೆದೇ ಇಲ್ಲ. ಅವ್ರ ಮೇಕೆ ಕಳ್ಳನ್ನೂ ನಾನು ಇಟ್ಕೊಂಡಿಲ್ಲ, ಬೇಕಾದ್ರೆ ಕೇಳು."

ಮೇಲಿನವರ ಪುಸ್ತಕ ತೆಗೆಸಿದರೆ ಅಲ್ಲೂ ಇರಲಿಲ್ಲ. ಬೆಟ್ಟವೂ ಇಲ್ಲ, ಹೊಲವೂ ಇಲ್ಲ. ಅವರ ಲೆಕ್ಕ ಗೆರೆಯ ಮೇಲಂಚಿಗೆ ನಿಂತಿತ್ತು, ಇವರ ಲೆಕ್ಕ ಹೊಲದಾಚೆ ಶುರುವಾಗಿತ್ತು. ಕಪ್ಸಿರೊ ಯಾರಿಂದಲೂ ಕಿತ್ತುಕೊಳ್ಳಬೇಕಾಗಿರಲಿಲ್ಲ. ಅದು ಯಾರದ್ದೂ ಆಗಿರಲೇ ಇಲ್ಲ.

ಮಾವಿನ ಹಣ್ಣು ಶುರುವಾಗುವ ಹೊತ್ತಿಗೆ ಆದೇಶ ಬಂತು. ಕಪ್ಸಿರೊ ಉಪವಲಯ, ಎರಡು ಸಾವಿರದ ಮುನ್ನೂರ ಹದಿನೆಂಟು ಜನ, ಹನ್ನೊಂದೂವರೆ ಚದರ ಕಿಲೋಮೀಟರ್. ಅತ್ತಿಮರದ ಕೆಳಗೆ ಗಂಡಸರ ಕೂಟ ಸೇರಿತು. ನಾವು ಹೆಂಗಸರು ಯಥಾಪ್ರಕಾರ ದೂರದ ಬಂಡೆಯ ಮೇಲೆ. ಮಾವ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ಚರ್ಚಿನ ಉಪದೇಶಿಯ ಕೈಗೆ ಕೊಟ್ಟರು. ಆತ ತಡವರಿಸುತ್ತಾ ಓದಿದ. ಹನ್ನೊಂದೂವರೆ ಎಂದಾಗ ಮಾವ ತಲೆ ತಗ್ಗಿಸಿದ್ದನ್ನು ನಾನು ಅಷ್ಟು ದೂರದಿಂದಲೂ ಕಂಡೆ. ಕಚೇರಿ ಸಿಕ್ಕಿತ್ತು, ಆದರೆ ಹನ್ನೊಂದು ದಿನದ ಅಳತೆಗೆ ಸುಳ್ಳು ಎಂಬ ಹೆಸರು ಉಳಿಯಿತಲ್ಲ.

ಕೊನೆಯಲ್ಲಿ 'ಷರಾ' ಎಂಬಲ್ಲಿ ಕೊಮೊರಾ ಬರೆದದ್ದಿತ್ತು. ಉಪದೇಶಿ ಅದನ್ನೂ ಓದಿದ: 'ಹಳ್ಳಿ ಹಿರಿಯರು ಬೆಟ್ಟದ ಭಾಗವನ್ನು ಅಳೆದು ಹದಿನೇಳು ಎಂದು ಹೇಳಿರುತ್ತಾರೆ. ನೆಲದ ಮೇಲೆ ಈ ಅಳತೆ ಸರಿಯಾಗಿದೆ. ನಾನು ಸ್ವತಃ ನಡೆದು ಪರೀಕ್ಷಿಸಿದ್ದೇನೆ. ಇಲ್ಲಿಗೆ ನೇಮಕವಾಗುವ ಅಧಿಕಾರಿಗೆ ಮೊದಲನೆಯ ಸಂಖ್ಯೆಗಿಂತ ಈ ಸಂಖ್ಯೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.'

ಮಾವ ಅದನ್ನು ಮೂರು ಸಲ ಓದಿಸಿದರು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. ನಾನು ಅಲ್ಲಿ ಬಂಡೆಯ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಾರೆ ಎಂಬ ನಾಚಿಕೆಯೂ ಇಲ್ಲದೆ ಅತ್ತುಬಿಟ್ಟೆ.

ಆದರೆ ನನ್ನ ಜತೆ ಮಾತಿಲ್ಲ. ಐದು ತಿಂಗಳು. ಎದುರಿಗೆ ಸಿಕ್ಕರೆ ದಾರಿ ಬಿಟ್ಟು ನಿಲ್ಲುತ್ತಿದ್ದರು, ಗುರುತಿಲ್ಲದ ಹೆಂಗಸಿಗೆ ನಿಲ್ಲುವ ಹಾಗೆ. ತಪ್ಪಾಯಿತು ಎಂದು ಎರಡು ಸಲ ಹೇಳಿದೆ. ಕೇಳಿಸಿಕೊಂಡು ಹೋದರು. ನನಗೆ ಸಿಟ್ಟೂ ಬಂತು, ಎಷ್ಟು ದಿನ ಅಂತ. ಆಮೇಲೆ ಆ ಹಗ್ಗ ನೆನಪಾಗಿ ಸಿಟ್ಟು ನುಂಗಿಕೊಂಡೆ.

ಶಾಲೆಯ ಪಕ್ಕದಲ್ಲಿ ತಗಡಿನ ಕೋಣೆ ಎದ್ದಿತು. ಕಣಿವೆಯ ಕಡೆಯ ಹೆಣ್ಣುಮಗಳೊಬ್ಬಳು ಸಹಾಯಕ ಚೀಫ್ ಆಗಿ ಬಂದಳು. ಮೇಜು ಬಂತು, ಮೊಹರು ಬಂತು. ಕಚೇರಿ ತೆರೆಯುವ ಸೋಮವಾರ ಬೆಳಿಗ್ಗೆ ಗಂಡಸರೆಲ್ಲ ಕಾಲುವೆಯ ತಲೆಯಲ್ಲಿ ಒಡೆದ ಕಟ್ಟೆ ಸರಿ ಮಾಡಲು ಹೋಗಿದ್ದರು. ಮೊಣಕಾಲಿನಿಂದಾಗಿ ಮಾವ ಉಳಿದಿದ್ದರು. ಅತ್ತೆ ಹೊಸ ಬಟ್ಟೆ ಉಟ್ಟು, ಕೋಲು ಹಿಡಿದು ಬಾಗಿಲಿಗೆ ಬಂದಿದ್ದಳು. ನಾನು ಕೈ ಹಿಡಿಯಲು ಹೋದರೆ ತಳ್ಳಿದಳು. ಆಗ ಮಾವ ಬಂದರು. ಹೆಗಲ ಮೇಲೆ ಹಗ್ಗ.

ಮನೆಯ ಹೊಸಿಲ ಬಳಿ ಬಗ್ಗಿ ಹಗ್ಗದ ಒಂದು ತುದಿ ಇಟ್ಟರು. ಇನ್ನೊಂದು ತುದಿ ಹಿಡಿಯುವವರಿಗಾಗಿ ಸುತ್ತ ನೋಡಿದರು. ಅಂಗಳದಲ್ಲಿ ನಾನಿದ್ದೆ, ಕೋಳಿಗಳಿದ್ದವು.

"ಈ ತುದಿ ಹಿಡ್ಕೊ," ಅಂದರು.

ನಾನು ಕೈ ಹಿಂದಕ್ಕೆಳೆದುಕೊಂಡೆ. "ಮಾವ, ಇದು ಕಾಲುವೆ ಹಗ್ಗ."

"ಗೊತ್ತು. ಅದನ್ನೂ ನಂಗೇ ಹೇಳ್ಕೊಡ್ತೀಯಾ ಮ್ವಾಲಿಮು?" ಹಗ್ಗವನ್ನು ನನ್ನ ಅಂಗೈಗೆ ಒತ್ತಿದರು. "ಬಿಗಿಯಾಗಿ ಎಳಿ. ನೆರಳು ಅಳೀಬೇಡ, ನೆಲ ಅಳಿ."

ನಾರು ಅಂಗೈಗೆ ಒರಟಾಗಿ ಹತ್ತಿತು. ಎಳೆದೆ. ದಾರಿಯಲ್ಲಿ ಒಂದು ಬಂಡೆ ಇತ್ತು, ಅದರ ಮೇಲೆ ಹತ್ತಿಸಿ ಇಳಿಸಿದೆ. ಒಂದು ಸಣ್ಣ ಕೊರಕಲಿತ್ತು, ಅದರೊಳಗೂ ಇಳಿದೆ. ಅತ್ತೆ ಎಡಗೈಯಲ್ಲಿ ಹಗ್ಗ ಸವರಿಕೊಂಡು, ಬಲಗೈಯಲ್ಲಿ ಕೋಲು ಊರಿಕೊಂಡು, ತನ್ನ ಕಾಲ ಮೇಲೆ ನಮ್ಮ ಹಿಂದೆ ಬಂದಳು. ಕಚೇರಿಯ ಬಾಗಿಲಿಗೆ ಮುಟ್ಟಿದಾಗ ಮಾವ ಬಗ್ಗಿ ತುದಿ ನೋಡಿ, ನನ್ನ ಕಡೆ ತಿರುಗಿದರು.

"ಆರೂವರೆ ಹಗ್ಗ," ಅಂದರು. "ಬರ್ಕೊ."

ನಾನು ಆರೂವರೆ ಎಂದು ಬರೆದೆ.